ಮಗನಿಗೆ ಕೀಲಿ ಕೊಡುವವರು ಪಾನಾ ಯಾಕೆ ಕೊಡುವುದಿಲ್ಲ?

ಅಜ್ಜ ಕೊಂಡಿದ್ದ ಪದ್ಮಿನಿಗೋ ಅಂಬಾಸಿಡರಿಗೋ ಈಗ ಹೈದರಾಬಾದಿನಲ್ಲಿ ಶುಕ್ರದೆಸೆ. ವರ್ಷಗಟ್ಟಲೆ ಕಾಂಪೌಂಡಿನಲ್ಲಿ ಕವರು ಹೊದ್ದು ನಿಂತಿದ್ದ ಗಾಡಿ ಒಂದು ದಿನ ಹೊಸ ಬಣ್ಣದಲ್ಲಿ ಹೊಳೆಯುತ್ತದೆ. ಅಪ್ಪ-ಮಗ ಬಾನೆಟ್ಟಿಗೆ ಒರಗಿ ನಿಂತ ಫೋಟೊ, ಕೆಳಗೆ ‘ಇಬ್ಬರೂ ಸೇರಿ ರಿಪೇರಿ ಮಾಡಿದೆವು’ ಎಂಬ ಒಕ್ಕಣೆ. ವಿಚಾರಿಸಿದರೆ ಹಣ ಕೊಟ್ಟದ್ದು ಅಪ್ಪ, ಬಣ್ಣ ಆರಿಸಿದ್ದು ಮಗ, ಮಾಡಿದ್ದು ಮಿಸ್ತ್ರಿ. ‘ಸೇರಿ’ ಎಂಬ ಎರಡಕ್ಷರದ ಮೇಲೆ ಇಷ್ಟು ಭಾರ ಹೇರುವುದು ಅನ್ಯಾಯ.

ಇದು ಸಣ್ಣ ಸುಳ್ಳಲ್ಲ. ಎಂಜಿನಿಯರುಗಳನ್ನು ತಯಾರಿಸುವುದನ್ನೇ ಒಂದು ಉದ್ಯಮ ಮಾಡಿಕೊಂಡ ಊರು ಇದು. ಹತ್ತನೇ ತರಗತಿ ದಾಟಿದ ಮಗು ಎಂ.ಪಿ.ಸಿ. ಸೇರಿತೆಂದರೆ ಎರಡು ವರ್ಷ ಮನೆಯವರಿಗೂ ಅದರ ಮುಖದರ್ಶನ ಅಪರೂಪ. ಟಾರ್ಕಿನ ಲೆಕ್ಕವನ್ನು ಎರಡು ನಿಮಿಷದಲ್ಲಿ ಬಿಡಿಸುವ ಹುಡುಗನಿಗೆ ತುಕ್ಕು ಹಿಡಿದ ನಟ್ಟು ಯಾವ ಕಡೆ ತಿರುಗಿದರೆ ಬಿಚ್ಚುತ್ತದೆಂದು ಗೊತ್ತಿರುವುದಿಲ್ಲ. ಮಗಳನ್ನಂತೂ ಯಾರೂ ಕರೆಯುವುದೇ ಇಲ್ಲ. ಕೇಳಿದರೆ ‘ಇಂಟರ್ ಮುಗಿಯಲಿ’ ಎಂಬ ಸಿದ್ಧ ಉತ್ತರ. ಇಂಟರ್ ಮುಗಿದಾಗ ಹಾಸ್ಟೆಲ್ಲು, ಅದಾದ ಮೇಲೆ ಅಮೆರಿಕ.

ಸಮಯವಿಲ್ಲ ಎನ್ನುವ ಇದೇ ಮನೆಗಳಲ್ಲಿ ಹದಿನೇಳರ ಹುಡುಗನ ಕೈಗೆ ರಾತ್ರಿ ಎಸ್‌ಯುವಿಯ ಕೀಲಿ ಸಿಗುತ್ತದೆ. ಮೋಟಾರು ವಾಹನ ಕಾಯಿದೆಗೆ 2019ರಲ್ಲಿ ಬಂದ ತಿದ್ದುಪಡಿ, ಅಪ್ರಾಪ್ತ ವಯಸ್ಕರು ಓಡಿಸಿ ಅಪರಾಧವಾದರೆ ಪೋಷಕರಿಗೆ ಅಥವಾ ಗಾಡಿಯ ಮಾಲೀಕರಿಗೆ ಮೂರು ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ ಎನ್ನುತ್ತದೆ. ಜೈಲಿಗೆ ದಾರಿಯಾಗಬಲ್ಲ ಕೀಲಿಯನ್ನು ಧಾರಾಳವಾಗಿ ಕೊಡುವ ಅಪ್ಪನಿಗೆ, ಯಾವ ಕಾನೂನೂ ಅಡ್ಡಬರದ ಪಾನಾ, ಅಂದರೆ ಸ್ಪ್ಯಾನರ್, ಕೊಡಲು ಮುಜುಗರ. ಕೈ ಮಸಿಯಾಗುತ್ತದಲ್ಲ! ಆಯುಧಪೂಜೆಯ ದಿನ ಚಕ್ರದಡಿ ನಿಂಬೆಹಣ್ಣು ಇಟ್ಟು ಕುಂಬಳಕಾಯಿ ಒಡೆಯುವ ಮನೆಗಳೇ ಇವು. ಆಯುಧಕ್ಕೆ ಕುಂಕುಮ ಹಚ್ಚಬಹುದು, ಅದನ್ನು ಹಿಡಿಯುವುದು ಮಾತ್ರ ಬೇರೆ ಜಾತಿಯವರ ಕೆಲಸ.

ಹಿಡಿದರೆ ಏನಾಗುತ್ತದೆ? ಪದ್ಮಿನಿಯನ್ನೇ ತೆಗೆದುಕೊಳ್ಳಿ. ಬೆಂಗಳೂರಿಗೆ ಮೋಟಾರು ಕಾರ್ಖಾನೆ ಬರಬೇಕೆಂದು ವಿಶ್ವೇಶ್ವರಯ್ಯನವರು 1930ರ ದಶಕದಲ್ಲಿ ಪಟ್ಟ ಪಾಡಿಗೆ ಬ್ರಿಟಿಷ್ ಸರ್ಕಾರ ಅಡ್ಡಗಾಲು ಹಾಕಿತು. ಆ ಯೋಜನೆಯಲ್ಲಿ ಜೊತೆಗಿದ್ದ ವಾಲ್‌ಚಂದ್ ಹೀರಾಚಂದ್ 1944ರಲ್ಲಿ ಮುಂಬೈಯಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಕಟ್ಟಿದರು. ಪದ್ಮಿನಿ ಅಲ್ಲಿಯದು. 1089 ಸಿ.ಸಿ. ಎಂಜಿನು, ಕಾರ್ಬುರೇಟರು, ಕಂಪ್ಯೂಟರಿನ ಸುಳಿವೂ ಇಲ್ಲ. ಕೆಟ್ಟದ್ದು ಕಣ್ಣಿಗೆ, ಕಿವಿಗೆ, ಮೂಗಿಗೆ ಗೊತ್ತಾಗುತ್ತದೆ. ಡಿಸ್ಟ್ರಿಬ್ಯೂಟರ್ ಮುಚ್ಚಳ ತೆಗೆದು ಪಾಯಿಂಟಿನ ಸಂದನ್ನು ಅರ್ಧ ಮಿಲಿಮೀಟರಿಗಿಂತ ತುಸು ಕಡಿಮೆಗೆ ಹೊಂದಿಸಬೇಕು. ಹೊಂದದಿದ್ದರೆ ಗಾಡಿ ಕೆಮ್ಮುತ್ತದೆ, ಅಷ್ಟೆ. ನಾಲ್ಕು ಆಯ್ಕೆಗಳಿಲ್ಲ, ನೆಗೆಟಿವ್ ಮಾರ್ಕಿಲ್ಲ, ಮತ್ತೆ ಬಿಚ್ಚಬೇಕು. ಫ್ಲೋರಿನ ತುಕ್ಕು ಕೆರೆದಷ್ಟೂ ತೂತು ದೊಡ್ಡದಾಗುತ್ತದೆ. ಬೇಕಾದ ರಬ್ಬರು ರಾಣಿಗಂಜಿನ ಸ್ಪೇರ್ಸ್ ಅಂಗಡಿಗಳಲ್ಲಿ ಸಿಗದೆ ಗುರುವಾರದ ಜುಮ್ಮೆರಾತ್ ಬಜಾರಿನ ರಾಶಿಯಲ್ಲಿ ಸಿಗಬಹುದು, ಸಿಗದೆಯೂ ಇರಬಹುದು.

ಇದೆಲ್ಲಕ್ಕಿಂತ ಮುಖ್ಯವಾದದ್ದು ಅಪ್ಪನಿಗೂ ಏನೂ ಗೊತ್ತಿಲ್ಲ ಎಂಬುದು. ಮನೆಯಲ್ಲಿ ರ್‍ಯಾಂಕು, ಪರ್ಸೆಂಟೈಲ್ ಎಂದು ಅಪ್ಪಣೆ ಕೊಡಿಸುವ ಮನುಷ್ಯ ಇಲ್ಲಿ ಟಾರ್ಚು ಹಿಡಿದು ನಿಂತು, ಉಸ್ತಾದರ ದಖನಿಯಲ್ಲಿ ಬೈಸಿಕೊಳ್ಳುತ್ತಾನೆ. ಹದಿಹರೆಯದ ಮಗುವಿಗೆ ಈ ದೃಶ್ಯ ಯಾವ ಕೌನ್ಸೆಲಿಂಗಿನಲ್ಲೂ ಸಿಗದು.

ಹಳೆಯ ಗಾಡಿ ಹೊಗೆ ಉಗುಳುತ್ತದೆ ಎಂಬ ಆಕ್ಷೇಪ ನ್ಯಾಯವಾದದ್ದೇ. ಅದನ್ನು ದಿನಾ ಗಚ್ಚಿಬೌಲಿಗೆ ಓಡಿಸಿ ಎಂದು ಯಾರೂ ಹೇಳುತ್ತಿಲ್ಲ. ಐವತ್ತು ವರ್ಷ ದಾಟಿದ ಗಾಡಿಯನ್ನು ವಿಂಟೇಜ್ ಎಂದು ನೋಂದಾಯಿಸಲು 2021ರ ಕೇಂದ್ರ ನಿಯಮ 20,000 ರೂಪಾಯಿ ಕೇಳುತ್ತದೆ, ನಿತ್ಯದ ಓಡಾಟಕ್ಕೆ ಬಿಡುವುದಿಲ್ಲ. ಎಂಬತ್ತರ ದಶಕದ ಪದ್ಮಿನಿಗೆ ಆ ಭಾಗ್ಯವೂ ಇಲ್ಲ, ಐದು ವರ್ಷಕ್ಕೊಮ್ಮೆ ಆರ್.ಸಿ. ನವೀಕರಿಸಬೇಕು. ಹದಿನಾರರ ಹುಡುಗಿಯಂತೂ ಲೈಸೆನ್ಸಿಗೆ ಇನ್ನೆರಡು ವರ್ಷ ಕಾಯಬೇಕು. ತಾನು ಓಡಿಸಲಾಗದ ಗಾಡಿಗೆ ದುಡಿಯುವುದರಲ್ಲಿ ತಪ್ಪೇನಿದೆ?

ಕಷ್ಟದ ಪ್ರಶ್ನೆ ಬೇರೆಯಿದೆ. ಅದೇ ಗ್ಯಾರೇಜಿನಲ್ಲಿ ಅದೇ ವಯಸ್ಸಿನ ಇನ್ನೊಬ್ಬ ಹುಡುಗ ಗಾಡಿಯ ಕೆಳಗೆ ಮಲಗಿರುತ್ತಾನೆ. ಹೆಸರು ಕೇಳುವವರಿಲ್ಲ, ಎಲ್ಲರಿಗೂ ಅವನು ‘ಛೋಟು’. ಒಬ್ಬನ ಮಸಿ ‘ಪ್ರಾಜೆಕ್ಟು’, ಇನ್ನೊಬ್ಬನದು ಓದು ಹತ್ತದವನ ಹಣೆಬರಹ. ಅವನನ್ನು ಹೊಗಳುವುದು ಪರಿಹಾರವಲ್ಲ, ಅವನು ಶಾಲೆಯಲ್ಲಿರಬೇಕಾದವನು. ಆದರೆ ಅವನಿಗೂ ಎಂಜಿನಿಯರ ಮಗನಿಗೂ ವಿದ್ಯೆ ಕೊಡುವ ಉಸ್ತಾದರು ಒಬ್ಬರೇ ಆದಾಗ, ಅವರನ್ನು ಮೇಷ್ಟರೆಂದು ಒಪ್ಪುವುದಕ್ಕೆ ಏನಡ್ಡಿ? ಫೋಟೊದಲ್ಲಿ ಅವರೂ ನಿಲ್ಲಲಿ. ಕಲಿಸಿದ ಗಂಟೆಗಳಿಗೆ ಕೂಲಿಯ ದರದಲ್ಲಲ್ಲ, ಫಿಸಿಕ್ಸ್ ಕೋಚಿಂಗಿನ ದರದಲ್ಲಿ ಹಣ ಎಣಿಸಲಿ. ಅಲ್ಲಿ ಚೌಕಾಸಿ ಮಾಡುವ ಅಪ್ಪಂದಿರು ಗಾಡಿಗೆ ಮತ್ತೆ ಕವರು ಹೊದಿಸಿ ಮೊದಲಿನ ಜಾಗದಲ್ಲೇ ನಿಲ್ಲಿಸಬಹುದು.