ಬೋಟಿಗೊಂದು ಪದ್ಯ

ಜನವರಿ 25 ಬಂತು ಅಂದ್ರೆ ಇಲ್ಲಿ ಎಡಿನ್‌ಬರೋದಲ್ಲಿ ‘ಬರ್ನ್ಸ್ ನೈಟ್’. ಸ್ಕಾಟ್ಲೆಂಡಿನ ಕವಿ ರಾಬರ್ಟ್ ಬರ್ನ್ಸ್ 1759ರಲ್ಲಿ ಹುಟ್ಟಿದ ದಿನ. ಅವತ್ತಿನ ಊಟ ಹ್ಯಾಗಿಸ್.

ಏನಪ್ಪಾ ಅದು ಅಂತೀರಾ? ಕುರಿಯ ಹೃದಯ, ಈಲಿ, ಶ್ವಾಸಕೋಶ ಬೇಯಿಸಿ ಸಣ್ಣಗೆ ಕೊಚ್ಚಿ, ಓಟ್ಸು, ಈರುಳ್ಳಿ, ಕೊಬ್ಬು, ಮೆಣಸಿನಪುಡಿ ಸೇರಿಸಿ, ಕುರಿಯ ಹೊಟ್ಟೆಚೀಲಕ್ಕೇ ತುಂಬಿ, ಬಾಯಿ ಕಟ್ಟಿ ಮತ್ತೆ ಬೇಯಿಸೋದು. ಅದನ್ನ ತರೋ ವೈಭವ ನೋಡ್ಬೇಕು ಸ್ವಾಮಿ! ಮುಂದೆ ಬ್ಯಾಗ್‌ಪೈಪ್ ಊದೋನು, ಹಿಂದೆ ತಟ್ಟೆ ಹೊತ್ತ ಅಡುಗೆಯವನು. ಮದುವೆ ಗಂಡು ಬಂದ ಹಾಗೆ ಎಲ್ಲರೂ ಎದ್ದು ನಿಲ್ತಾರೆ. ಬರ್ನ್ಸ್ 1786ರಲ್ಲಿ ಹ್ಯಾಗಿಸ್ ಮೇಲೇ ಬರೆದ ಪದ್ಯ ಓದ್ತಾ ಓದ್ತಾ ಚಾಕು ಹಾಕ್ತಾರೆ.

ನಾನು ಮಂಡ್ಯ ಕಡೆಯವನು. ಬೋಟಿ ಗೊಜ್ಜು, ತಲೆಮಾಂಸ, ಕಾಲು ಸೂಪು ತಿಂದು ಬೆಳೆದವನು. ಇಂಜಿನಿಯರಿಂಗ್ ಹಾಸ್ಟೆಲ್ಲಿನಲ್ಲಿ ‘ಬೋಟಿ’ ಅಂದ್ರೆ ಸಾಕು, ಮಟನ್ ತಿನ್ನೋರೂ “ಥೂ, ಅದನ್ನೂ ತಿಂತೀರಾ?” ಅಂತಿದ್ರು. ಅವರಲ್ಲೇ ಒಬ್ಬ ಈಗ ಇಲ್ಲೇ ಇದ್ದಾನೆ. ಈ ಸಲ ಹ್ಯಾಗಿಸ್ ಎರಡು ಸಲ ಹಾಕಿಸ್ಕೊಂಡು “ಎಂಥಾ ಕಲ್ಚರ್ ಮಗಾ!” ಅಂದ :)

ಎರಡರ ಹಿಂದಿನ ಲೆಕ್ಕ ಒಂದೇ. ಕುರಿ ಕೊಯ್ದ ಮೇಲೆ ಬೇಗ ಕೆಡೋದು ಒಳಗಿನದು, ಕಡಿಮೆ ದುಡ್ಡಿಗೆ ಸಿಗೋದೂ ಅದೇ. ಇಲ್ಲಿಯವರು ಓಟ್ಸ್ ಬೆರೆಸಿ ಹೊಟ್ಟೆ ತುಂಬಿಸ್ಕೊಂಡ್ರು, ನಾವು ಮುದ್ದೆ ಜೊತೆ ತಿಂದ್ವಿ. ಅಷ್ಟೇ ವ್ಯತ್ಯಾಸ.

ಒಂದು ಕಡೆ ಅಸಹ್ಯ ಆಗಿದ್ದು ಇನ್ನೊಂದು ಕಡೆ ಪ್ರತಿಷ್ಠೆ ನೋಡಿ. ಅಮೆರಿಕ 1971ರಲ್ಲಿ ಪ್ರಾಣಿಗಳ ಶ್ವಾಸಕೋಶವನ್ನ ಊಟಕ್ಕೆ ಬಳಸೋ ಹಾಗಿಲ್ಲ ಅಂತ ನಿಯಮ ಮಾಡ್ತು, ಸಾಂಪ್ರದಾಯಿಕ ಹ್ಯಾಗಿಸ್‌ಗೆ ಅಲ್ಲಿ ಬಾಗಿಲು ಮುಚ್ತು. ಫ್ರಾನ್ಸಿನವರು ಬಾತುಕೋಳಿಗೆ ಒತ್ತಾಯದಿಂದ ತಿನ್ನಿಸಿ ಕೊಬ್ಬಿಸಿದ ಈಲಿಯನ್ನ ‘ಫ್ವಾ ಗ್ರಾ’ ಅಂತ ಕರೆದು, 2006ರಲ್ಲಿ ಅದು ತಮ್ಮ ಸಾಂಸ್ಕೃತಿಕ ಪರಂಪರೆ ಅಂತ ಕಾನೂನಲ್ಲೇ ಬರೆದ್ರು! ಅಂದ್ರೆ ನಾಚಿಕೆ ಇರೋದು ಕರುಳಲ್ಲೂ ಅಲ್ಲ, ಈಲಿಲೂ ಅಲ್ಲ. ತಿನ್ನೋರು ಯಾರು ಅನ್ನೋದರಲ್ಲಿ. ನಮ್ಮಲ್ಲಿ ಅದಕ್ಕೆ ಜಾತಿ, ದುಡ್ಡು ಎರಡೂ ಸೇರ್ಕೊಂಡಿವೆ.

ಭಾನುವಾರ ಫೋನಿನಲ್ಲಿ ಅವ್ವನಿಗೆ ಇದನ್ನೆಲ್ಲ ಹೇಳ್ದೆ. ಬೋಟಿ ತಂದ ದಿನ ಕರುಳು ಒಳಗು-ಹೊರಗು ಮಾಡಿ, ಬಿಸಿನೀರಲ್ಲಿ ಉಜ್ಜಿ ಉಜ್ಜಿ ಅರ್ಧ ದಿನ ಕಳೆಯೋಳು ಅವಳು. ಎಲ್ಲಾ ಕೇಳಿಸ್ಕೊಂಡು ಒಂದೇ ಪ್ರಶ್ನೆ ಕೇಳಿದ್ಲು:

“ಪದ್ಯ ಬರ್ದವ್ನೆ ಸರಿ ಕಣ್ಲಾ. ಅದ್ನ ತೊಳ್ದೋರು ಯಾರು ಅಂತ ಬರ್ದವ್ನಾ?”