ಯಂತ್ರ ಬರುವ ಮುನ್ನ ನಕ್ಷೆ ಬದಲಾಗಲಿ

ಸ್ವಯಂಚಾಲಿತ ಜೋಡಣೆ ಎಂದೊಡನೆ ಸಣ್ಣ ಉದ್ದಿಮೆದಾರರ ಕಣ್ಣಮುಂದೆ ಬರುವುದು ರೋಬಾಟ್ ಮತ್ತು ಅದರ ಬೆಲೆ. ಅದು ಪುಣೆ, ಬೆಂಗಳೂರುಗಳ ದೊಡ್ಡ ಕಾರ್ಖಾನೆಗಳ ಮಾತು, ಹುಮನಾಬಾದ್ ಕೈಗಾರಿಕಾ ಪ್ರದೇಶಕ್ಕಾಗಲಿ ಬಸವಕಲ್ಯಾಣದ ವರ್ಕ್‌ಶಾಪ್‌ಗಳಿಗಾಗಲಿ ಸಂಬಂಧಿಸಿದ್ದಲ್ಲ ಎಂಬ ಭಾವನೆ ಸಾಮಾನ್ಯ. ಆದರೆ ಜೋಡಣೆಯ ವೆಚ್ಚ ಬಹುಮಟ್ಟಿಗೆ ನಿರ್ಧಾರವಾಗುವುದು ಯಂತ್ರದ ಬಳಿಯಲ್ಲ, ನಕ್ಷೆಯ ಹಾಳೆಯ ಮೇಲೆ.

ಇದಕ್ಕೆ ಪ್ರಸಿದ್ಧ ನಿದರ್ಶನವೊಂದಿದೆ. ಐಬಿಎಂ ಸಂಸ್ಥೆ 1985ರಲ್ಲಿ ಮಾರುಕಟ್ಟೆಗೆ ತಂದ ಪ್ರೊಪ್ರಿಂಟರ್ ಎಂಬ ಮುದ್ರಣ ಯಂತ್ರವನ್ನು ರೋಬಾಟ್‌ಗಳೇ ಜೋಡಿಸುವಂತೆ ರೂಪಿಸಲಾಗಿತ್ತು. ಬಿಡಿಭಾಗಗಳ ಸಂಖ್ಯೆಯನ್ನು ತಗ್ಗಿಸಿ, ಸ್ಕ್ರೂಗಳ ಬದಲು ಒತ್ತಿದರೆ ಕೂರುವ ಕೊಂಡಿಗಳನ್ನು ಅಳವಡಿಸಲಾಯಿತು. ಕೊನೆಗೆ ಕಂಡುಬಂದ ಸಂಗತಿಯೆಂದರೆ, ಕಾರ್ಮಿಕರು ಬರಿಗೈಯಲ್ಲೇ ಅದನ್ನು ಕೆಲವು ನಿಮಿಷಗಳಲ್ಲಿ ಜೋಡಿಸಬಹುದಾಗಿತ್ತು. ಯಂತ್ರಕ್ಕೆ ಸುಲಭವಾದದ್ದು ಕೈಗೂ ಸುಲಭ ಎಂಬುದೇ ಇದರ ಪಾಠ.

ಈ ಶಾಸ್ತ್ರವನ್ನು ಬೆಳೆಸಿ 1991ರಲ್ಲಿ ಅಮೆರಿಕದ ರಾಷ್ಟ್ರೀಯ ತಂತ್ರಜ್ಞಾನ ಪದಕ ಪಡೆದ ಜೆಫ್ರಿ ಬೂತ್‌ರಾಯ್ಡ್ ಮತ್ತು ಪೀಟರ್ ಡ್ಯೂಹರ್ಸ್ಟ್ ಅವರ ವಿಧಾನದಲ್ಲಿ ಪ್ರತಿಯೊಂದು ಬಿಡಿಭಾಗಕ್ಕೂ ಮೂರು ಪ್ರಶ್ನೆಗಳಿವೆ. ಅದು ಉಳಿದ ಭಾಗಗಳಿಗೆ ಹೋಲಿಸಿದರೆ ಚಲಿಸುತ್ತದೆಯೇ? ಬೇರೆ ವಸ್ತುವಿನಿಂದಲೇ ಆಗಬೇಕೇ? ಪ್ರತ್ಯೇಕವಾಗಿರದಿದ್ದರೆ ಇತರ ಭಾಗಗಳನ್ನು ಜೋಡಿಸಲು ಅಥವಾ ಬಿಚ್ಚಲು ಆಗದೇ? ಮೂರಕ್ಕೂ ಇಲ್ಲವೆಂಬ ಉತ್ತರ ಬಂದರೆ ಆ ಭಾಗವನ್ನು ಪಕ್ಕದ ಭಾಗದೊಡನೆ ಸೇರಿಸಿ ಒಂದಾಗಿಸುವ ಬಗ್ಗೆ ಯೋಚಿಸಬೇಕು.

ರೈತರ ಪಂಪ್‌ಸೆಟ್ ಸ್ಟಾರ್ಟರ್‌ನ ತಗಡಿನ ಪೆಟ್ಟಿಗೆಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಮುಚ್ಚಳಕ್ಕೆ ಎರಡು ಅಳತೆಯ ಆರು ಸ್ಕ್ರೂಗಳಿದ್ದರೆ ಆರು ಬಾರಿ ತಿರುಗಿಸಬೇಕು, ಎರಡು ಬಗೆಯ ದಾಸ್ತಾನು ಇಡಬೇಕು. ತಗಡಿನ ಒಂದು ಅಂಚನ್ನೇ ಕೊಕ್ಕೆಯಾಗಿ ಮಡಚಿ ಎದುರು ಅಂಚಿಗೆ ಒಂದೇ ಸ್ಕ್ರೂ ಕೊಟ್ಟರೆ ಸಮಯವೂ ಉಳಿಯುತ್ತದೆ, ತಪ್ಪಾಗುವ ಸಂಭವವೂ ತಗ್ಗುತ್ತದೆ.

ಇಲ್ಲಿ ಎರಡು ಆಕ್ಷೇಪಗಳು ಸಹಜ. ಮೊದಲನೆಯದು ದುರಸ್ತಿಯದು. ಒತ್ತಿ ಕೂರಿಸಿದ ಪ್ಲಾಸ್ಟಿಕ್ ಕೊಂಡಿ ಮುರಿದರೆ ಹಳ್ಳಿಯ ಮೆಕ್ಯಾನಿಕ್ ಏನೂ ಮಾಡಲಾರ. ಆದ್ದರಿಂದ ಈ ಭಾಗದ ಮಾರುಕಟ್ಟೆಗೆ ಸುಲಭವಾಗಿ ಕೂಡುವುದಷ್ಟೇ ಸಾಲದು, ಸುಲಭವಾಗಿ ಬಿಚ್ಚುವಂತೆಯೂ ಇರಬೇಕು. ಆ ಒಂದು ಸ್ಕ್ರೂ ಉಳಿಯಬೇಕಾದದ್ದು ಇದಕ್ಕಾಗಿಯೇ. ಎರಡನೆಯದು ಉದ್ಯೋಗದ್ದು. ಜೋಡಣೆಯ ಕೈಕೆಲಸ ಕಡಿಮೆಯಾಗುವುದು ನಿಜ. ಆದರೆ ದರದಲ್ಲಿ ಸೋತು ಘಟಕವೇ ಮುಚ್ಚಿದರೆ ಎಲ್ಲರ ಕೆಲಸವೂ ಹೋಗುತ್ತದೆ. ಉಳಿದ ಕೈಗಳನ್ನು ತಪಾಸಣೆಗೆ, ಹೊಸ ಉತ್ಪನ್ನಕ್ಕೆ ತೊಡಗಿಸುವ ಹೊಣೆ ಮಾಲೀಕರದು.

ಹೈದರಾಬಾದ್–ಪುಣೆ ಹೆದ್ದಾರಿ ಎರಡೂ ತಾಲ್ಲೂಕುಗಳನ್ನು ಹಾದುಹೋಗುತ್ತದೆ. 2017ರಲ್ಲಿ ಉದ್ಘಾಟನೆಗೊಂಡ ಬೀದರ್–ಕಲಬುರಗಿ ರೈಲು ಮಾರ್ಗ ಹುಮನಾಬಾದನ್ನು ಮುಟ್ಟಿದೆ. ಇಲ್ಲಿನ ಸರಕನ್ನು ಹೊರಗೆ ಒಯ್ಯುವ ದಾರಿಯೇ ಹೊರಗಿನ ಅಗ್ಗದ ಸರಕನ್ನೂ ಒಳಗೆ ತರುತ್ತದೆ. ಹುಮನಾಬಾದಿನಲ್ಲೇ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರವಿದೆ. ಡೈ ಅಥವಾ ಅಚ್ಚು ಸಿದ್ಧವಾದ ಮೇಲೆ ಬದಲಾವಣೆ ದುಬಾರಿ. ಕಾಗದದ ಮೇಲೆ ಅದಕ್ಕೆ ತಗಲುವುದು ಪೆನ್ಸಿಲ್ಲು, ರಬ್ಬರು ಮಾತ್ರ. ಮುಂದಿನ ಡೈಗೆ ಮುಂಗಡ ಕೊಡುವ ಮೊದಲು ಉದ್ದಿಮೆದಾರರು ತಮ್ಮ ಉತ್ಪನ್ನವನ್ನು ಮೇಜಿನ ಮೇಲೆ ಬಿಚ್ಚಿಟ್ಟು ಆ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳುವುದು ಲಾಭದಾಯಕ.