ಘಟ್ಟದ ರಸ್ತೆಯ ಭದ್ರತೆ

ನಮ್ಮ ತೋಟಗಳಿಗೆ ಬೇಕಾದ ಪೊಟ್ಯಾಷ್ ಗೊಬ್ಬರವು ಬಹುಪಾಲು ಹಡಗಿನಲ್ಲಿಯೇ ಬರುತ್ತದೆ. ನಾವು ಬೆಳೆದ ಕಾಫಿ ಹೊರದೇಶಕ್ಕೆ ಹೋಗಬೇಕಾದರೆ ಘಟ್ಟವಿಳಿದು ನವಮಂಗಳೂರು ಬಂದರನ್ನು ಸೇರಬೇಕು. ಈ ಹಾದಿಗಳು ಎಷ್ಟು ದುರ್ಬಲವೆಂಬುದು 2018ರ ಆಗಸ್ಟಿನಲ್ಲಿ ತಿಳಿಯಿತು. ಶಿರಾಡಿ ಘಾಟಿ ಕುಸಿಯಿತು. ಮಡಿಕೇರಿ–ಸಂಪಾಜೆ ರಸ್ತೆ ಜೋಡುಪಾಲದ ಆಸುಪಾಸಿನಲ್ಲಿ ಕೊಚ್ಚಿಹೋಯಿತು. ಸಕಲೇಶಪುರ–ಸುಬ್ರಹ್ಮಣ್ಯ ರೈಲುಮಾರ್ಗದ ಮೇಲೆ ಮಣ್ಣು ಬಿದ್ದಿತು. ಒಂದೇ ಮಳೆಗಾಲಕ್ಕೆ ಮೂರೂ! ಪರ್ಯಾಯವೆಂದು ನಂಬಿದ್ದ ಮಾರ್ಗಗಳೆಲ್ಲವೂ ಒಂದೇ ಗಿರಿಶ್ರೇಣಿಯನ್ನು ಅವಲಂಬಿಸಿವೆ.

ಇಷ್ಟಾದರೂ ಅಗಲವಾದ ರಸ್ತೆಯೇ ಭದ್ರವಾದ ರಸ್ತೆಯೆಂಬ ಭ್ರಮೆ ಅಳಿದಿಲ್ಲ. ಕರಾವಳಿಯಂಚಿನ ಅನೇಕ ಗುಡ್ಡಗಳಲ್ಲಿ ಗಟ್ಟಿಯಾದ ಮುರಕಲ್ಲಿನ ಅಡಿಯಲ್ಲಿ ಶೇಡಿಮಣ್ಣಿರುತ್ತದೆ. ಗುಡ್ಡದ ಬುಡವನ್ನು ಗೋಡೆಯಂತೆ ನೆಟ್ಟಗೆ ಕಡಿದರೆ ಆ ಪದರ ಬಯಲಾಗುತ್ತದೆ; ನೀರು ಹೀರಿ ತನ್ನ ಹಿಡಿತವನ್ನು ಕಳೆದುಕೊಳ್ಳುತ್ತದೆ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ, ಹೆದ್ದಾರಿಗಾಗಿ ಕಡಿದ ಗುಡ್ಡ ಜರಿದು ಅನಿಲದ ಟ್ಯಾಂಕರನ್ನೇ ಗಂಗಾವಳಿ ನದಿಗೆ ನೂಕಿತು. ಹಲವರು ಪ್ರಾಣ ಕಳೆದುಕೊಂಡರು.

ಕಾಂಕ್ರೀಟು ಗೋಡೆ ಕಟ್ಟಿದರಾಯಿತು ಎನ್ನುವ ಗುತ್ತಿಗೆದಾರ ಮಿತ್ರರಿದ್ದಾರೆ. ಹಿಂಬದಿಯ ನೀರಿಗೆ ದಾರಿ ಬಿಡದ ಗೋಡೆ ಅಣೆಕಟ್ಟೇ ಸರಿ, ಅದೂ ಅಣೆಕಟ್ಟಿನ ಶಕ್ತಿಯಿಲ್ಲದ್ದು. ಇಳಿಜಾರನ್ನು ಮೆಟ್ಟಿಲುಗಳಾಗಿ ಕಡಿಯುವುದು, ನೆತ್ತಿಯಲ್ಲಿ ಅಡ್ಡಗಾಲುವೆ ತೆಗೆಯುವುದು, ಲಾವಂಚವನ್ನೂ ಸ್ಥಳೀಯ ಮರಗಳನ್ನೂ ಬೆಳೆಸುವುದು – ಇವೆಲ್ಲ ಕಾಮಗಾರಿಯ ಅಂದಾಜುಪಟ್ಟಿಯಲ್ಲಿಯೇ ಸೇರಬೇಕು. ನಿಮ್ಮೂರಿನ ರಸ್ತೆ ಅಗಲವಾಗುವ ಮುನ್ನ ಗ್ರಾಮಸಭೆಯಲ್ಲಿ ಆ ಪಟ್ಟಿಯನ್ನು ಕೇಳಿ ನೋಡಿರಿ. ಗುಡ್ಡದ ನೀರು ಎತ್ತ ಹರಿಯಬೇಕೆಂದು ಅದರಲ್ಲಿ ಬರೆದಿದೆಯೇ?